ಎಣಿಕೆಗೆ ಸಿಗದ ಮೆಮರಿ

ಚಿನ್ನವ್ವಾ, ಪುಟ್ಟಪ್ಪಾ, ಎದುರಿಗೆ ಕೂತು ಹೇಳಲು ನನಗೆ ಬಾಯಿ ಬರುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ನಿಮ್ಮ ಅಜ್ಜ ತೀರಿಕೊಂಡ ಮೇಲೆ ನನಗೆ ಸಕ್ಕರೆ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತೆಂದು ನಿಮಗೆ ಗೊತ್ತು. ಆ ಕೆಲಸ ಒಂದು ದಿನ ಕೈತಪ್ಪಿ ಹೋಗುವುದರಲ್ಲಿತ್ತು ಎನ್ನುವುದು ನಿಮ್ಮಪ್ಪನಿಗೂ ಗೊತ್ತಿಲ್ಲ.

ಕಾರ್ಖಾನೆ ಇದ್ದದ್ದು ಮುಧೋಳ, ಜಮಖಂಡಿ ನಡುವೆ. ಕಬ್ಬಿನ ಗಾಡಿ ತೂಗುವ ಕಾಟಾದಲ್ಲಿ ನಿಮ್ಮ ಅಜ್ಜ ಕೆಲಸಕ್ಕಿದ್ದರು. ಅವರ ಬದಲಿಗೆ ನನ್ನನ್ನು ತೆಗೆದುಕೊಂಡರು, ಕಾಯಂ ಮಾಡಿರಲಿಲ್ಲ. ನಾನು ಹಳ್ಳಿಯ ಸಾಲೆಯಲ್ಲಿ ಹತ್ತನೆಯವರೆಗೆ ಓದಿದವಳು. ಕಂಪ್ಯೂಟರ್ ಕೋಣೆಯಲ್ಲಿ ಕೂರಿಸಿ ಸರ್ವರ್ ನೋಡಿಕೊಳ್ಳುವುದನ್ನು ಕಲಿಸಿದರು. ಯಾವ ರೈತನ ಕಬ್ಬು ಎಷ್ಟು, ಕಡಿಯುವ ಪಾಳಿ ಯಾವಾಗ, ತೂಕ ಎಷ್ಟು ಬಂತು, ಎಲ್ಲವೂ ಆ ಒಂದು ಯಂತ್ರದೊಳಗೆ. ಕಾಟಾದವರು, ಕೃಷಿ ವಿಭಾಗದವರು, ರಬಕವಿ ಮತ್ತು ಬೀಳಗಿಯ ಆಫೀಸಿನವರು ಎಲ್ಲರೂ ತಮ್ಮ ತಮ್ಮ ಕಂಪ್ಯೂಟರಿನಿಂದ ಅದನ್ನೇ ಕೇಳಬೇಕು.

ಆ ವರ್ಷ ಹಿಪ್ಪರಗಿ ಬ್ಯಾರೇಜಿನಲ್ಲಿ ನೀರು ಚೆನ್ನಾಗಿತ್ತು, ಕಬ್ಬು ಹೇರಳವಾಗಿ ಬಂತು. ಸರ್ವರ್ ನಿಧಾನವಾಗಿದೆ ಎಂದು ನಾನು ಹೇಳಿದ್ದಕ್ಕೆ ಕಬ್ಬು ಅರೆಯುವ ಹಂಗಾಮಿಗೆ ಮೊದಲೇ ಮ್ಯಾನೇಜರ್ ಸಾಹೇಬರು ಹೆಚ್ಚಿನ ಮೆಮರಿ ಹಾಕಿಸಿದ್ದರು. ಆದರೂ ಹಂಗಾಮು ಭರದಲ್ಲಿದ್ದಾಗ ಅದು ಮತ್ತೆ ತೂಕಡಿಸತೊಡಗಿತು. ಒಂದು ದಿನ ಮುಂಜಾನೆಯಿಂದ ಕಾಟಾದ ಚೀಟಿಯೇ ಹೊರಡಲೊಲ್ಲದು. ಗಾಡಿ ಕಾಟಾದ ಮೇಲೆ ನಿಂತರೆ ನಿಂತೇ ಬಿಡುತ್ತಿತ್ತು. ಚಕ್ಕಡಿ, ಟ್ರ್ಯಾಕ್ಟರುಗಳ ಸಾಲು ಗೇಟು ದಾಟಿ ರಸ್ತೆಗೆ ಹೋಯಿತು. ಕಡಿದ ಕಬ್ಬು ಬಿಸಿಲಿಗೆ ಒಣಗುತ್ತಿತ್ತು. ಕಿಟಕಿಯ ಹೊರಗೆ ಒಬ್ಬ ರೈತ ಕೂಗಿದ:

“ಯವ್ವಾ, ನಿಮ್ಮ ಕಂಪ್ಯೂಟರಕ್ಕ ಒಂದ ಗಿಲಾಸ ಕಬ್ಬಿನ ಹಾಲ ಕುಡಿಸ್ರಿ, ಶಕ್ತಿ ಬರತೈತಿ!”

“ನಮ್ಮ ಎತ್ತ ಇದಕ್ಕಿಂತ ಲಗೂ ಎಣಸ್ತಾವು” ಎಂದ ಇನ್ನೊಬ್ಬ. ಎಲ್ಲರೂ ನಕ್ಕರು. ಆ ನಗುವಿನಲ್ಲಿ ಸಿಟ್ಟೇ ಹೆಚ್ಚಿತ್ತು.

ಹುಬ್ಬಳ್ಳಿಯ ಎಂಜಿನಿಯರಿಗೆ ಹಿಂದಿನ ದಿನವೇ ಫೋನ್ ಮಾಡಿದ್ದೆ. ಅವರು ಬಸ್ಸಿಗೆ ಮಹಾಲಿಂಗಪುರಕ್ಕೆ ಬಂದು, ಅಲ್ಲಿಂದ ಯಾರದೋ ಬೈಕಿನ ಹಿಂದೆ ಕೂತು ಕಾರ್ಖಾನೆ ಮುಟ್ಟಿದರು. ಅವರ ಹಿಂದೆಯೇ ಮ್ಯಾನೇಜರರೂ ಬಾಗಿಲಿಗೆ ಬಂದು ನಿಂತರು.

“ಬಾಯಾರ, ಮೆಮರಿ ಬೇಕಂದ್ರಿ, ಹಾಕಿಸಿ ಕೊಟ್ಟೆ. ಇನ್ನೇನ ಬೇಕು? ಸಂಜಿಮಟಾ ಕಾಟಾ ಸರಳ ಆಗಲಿಲ್ಲಂದ್ರ ನಾಳಿಂದ ಕೈಚೀಟಿ. ಕೈಚೀಟಿಗೆ ಈ ಖೋಲಿ ಬ್ಯಾಡ, ನೀವೂ ಬ್ಯಾಡ.”

ನಿಮ್ಮಪ್ಪ ಆಗ ಜಮಖಂಡಿಯಲ್ಲಿ ಓದುತ್ತಿದ್ದ. ಈ ಸಂಬಳ ಬಿಟ್ಟರೆ ನಮಗೆ ಬೇರೆ ಆಸರೆ ಇರಲಿಲ್ಲ.

ಎಂಜಿನಿಯರು ಪರದೆ ನೋಡುತ್ತಲೇ ಹೇಳಿದರು, “ಮೆಮರಿ ಐತ್ರಿ ಸಾಹೇಬ್ರ. ಆದರ ಈ ಮಷಿನ್ನಿಗೆ ಅದು ಕಾಣೂದಿಲ್ಲ.”

“ಕಾಣೂದಿಲ್ಲಂದ್ರ? ಕಣ್ಣಿಗೆ ಪೊರಿ ಬಂದೈತೇನ?”

“ಇದು ಮೂವತ್ತೆರಡ ಬಿಟ್ಟಿನ ಪ್ರೊಸೆಸರ್ ರಿ. ಒಂದ ಹಿಡಿಕಿಗೆ ಅಷ್ಟ ಉದ್ದದ ಅಂಕಿನ ಹಿಡೀತೈತಿ. ಮೆಮರಿಯೊಳಗಿನ ಒಂದೊಂದ ಮನಿಗೂ ನಂಬರ ಬೇಕಲ್ರಿ? ಆ ಅಂಕಿಯೊಳಗ ನಾಕ ಜಿಬಿಮಟಾ ಅಷ್ಟ ನಂಬರ ಸಿಗತಾವು. ಅದರಾಚೆ ಮನಿ ಕಟ್ಟಿದ್ರೂ ನಂಬರ ಇಲ್ಲ.”

ನನಗೆ ಥಟ್ಟನೆ ತಿಳಿಯಿತು. ಅಣೆಕಟ್ಟಿನ ಹಿನ್ನೀರು ಬಂದು ನನ್ನ ತವರಿನವರು ಪುನರ್ವಸತಿ ಕೇಂದ್ರಕ್ಕೆ ಹೋದಾಗ ಕೆಲವು ಮನೆಗಳಿಗೆ ನಂಬರ್ ಬಿದ್ದಿರಲಿಲ್ಲ. ಒಳಗೆ ಒಲೆ ಉರಿಯುತ್ತಿದ್ದರೂ ಅಂಚೆಯವನು ಆ ಬಾಗಿಲಿಗೆ ಹೋಗುತ್ತಿರಲಿಲ್ಲ. ಕೈಗೆ ಸಿಗುವ ಮೆಮರಿ ತುಂಬಿದ ಮೇಲೆ ಯಂತ್ರ ಪ್ರತಿಯೊಂದಕ್ಕೂ ಡಿಸ್ಕಿಗೆ ಓಡಬೇಕು ಎಂದೂ ಎಂಜಿನಿಯರು ಹೇಳಿದರು. ಡಬ್ಬಿಯಲ್ಲಿ ಹಿಟ್ಟಿಗೆ ಜಾಗವಿಲ್ಲದೆ, ಒಂದೊಂದು ರೊಟ್ಟಿಗೂ ನೆಲದೊಳಗಿನ ಹಗೇವಿಗೆ ಇಳಿದು ಜೋಳ ತಂದ ಹಾಗೆ.

“ಅರವತ್ನಾಕ ಬಿಟ್ಟಿನ ಮಷಿನ್ ಬೇಕ್ರಿ. ಡೇಟಾಬೇಸೂ ಅದಕ್ಕ ತಕ್ಕದ್ದ ಇರಬೇಕು. ಬರೇ ಒಂದ ತಂದ್ರ ಆಗೂದಿಲ್ಲ. ತರಸಾಕ ದಿನಾ ಹಿಡೀತಾವು.”

“ನನಗ ಇವತ್ತ ಸಂಜಿಗಿ ಬೇಕು” ಎಂದು ಮ್ಯಾನೇಜರು ಹೊರಟೇ ಹೋದರು.

ಎಂಜಿನಿಯರು ಸರ್ವರಿಗೆ ಯಾರು ಯಾರು ಸೇರಿಕೊಂಡಿದ್ದಾರೆಂದು ನೋಡಿದರು. ಸಾಲು ಮುಗಿಯಲಿಲ್ಲ. “ಅಕ್ಕಾರ, ಗದ್ದಲ ಕಾಟಾದ ಕಡಿ. ಆದರ ಕೃಷಿ ವಿಭಾಗದವ್ರು, ರಬಕವಿಯವ್ರು ಇಷ್ಟ್ಯಾಕ ಯಾದಿ ತಗದಿಟ್ಟಾರ? ಯಾರೂ ಏನೂ ಮಾಡವಲ್ರು.”

ಅದು ನನಗೆ ಗೊತ್ತಿದ್ದ ಸಂಗತಿಯೇ. ನಮ್ಮ ಊರುಗಳಲ್ಲಿ ನಳಕ್ಕೆ ನೀರು ಬರುವ ಮೊದಲೇ ಕೊಡ ಪಾಳಿಗಿಟ್ಟು ಮನೆಗೆ ಹೋಗುತ್ತೇವೆ, ಕೊಡ ನಮ್ಮ ಬದಲು ನಿಂತಿರುತ್ತದೆ. ಆಫೀಸಿನವರೂ ಅದನ್ನೇ ಮಾಡಿದ್ದರು. ಆಮೇಲೆ ತೆರೆಯಲು ತಡವಾಗುತ್ತದೆಂದು ಮುಂಜಾನೆ ಬಂದವರೇ ತಮ್ಮ ಹಳ್ಳಿಗಳ ರೈತರ ಪಟ್ಟಿಯನ್ನು, ಆ ಪೂರ್ತಿ ಯಾದಿಯನ್ನು, ತೆರೆದಿಟ್ಟು ಚಹಾಕ್ಕೆ ಹೋಗುತ್ತಿದ್ದರು. ಒಂದೇ ಯಾದಿಯನ್ನು ಎರಡೆರಡು ಸಲ ತೆರೆದವರೂ ಇದ್ದರು. ಅಷ್ಟೂ ಯಾದಿಗಳು ಇದ್ದ ಮೆಮರಿಯನ್ನು ತುಂಬಿಕೊಂಡು ಕೂತಿದ್ದವು.

“ಅವು ಪಾಳಿಗಿಟ್ಟ ಕೊಡಾ ರೀ” ಎಂದೆ.

ಅವರು ನಕ್ಕರು, ಮರುಕ್ಷಣ ಗಂಭೀರರಾದರು. “ಇಲ್ಲಿಂದ ನಾ ಕಡದ ಒಗೀಬಹುದು. ಆದರ ಇದರಾಗ ಅರ್ಧಾ ಬರದ ತೂಕಾನೂ ಅದಾವು. ಹೊರಿ ಇಳಿಸಿದ ಗಾಡಿ ಮತ್ತ ಹ್ಯಾಂಗ ತೂಗೋದು? ಅವರವರ ಕೆಲಸ ಉಳಿಸಿ ಅವರ ಮುಚ್ಚಬೇಕು.”

ಗಾಡಿ ನಂಬರ್ ಕೂಗುವ ಮೈಕು ಅಲ್ಲೇ ಇತ್ತು. ಕೂಗುವವನು ಗೇಟಿನಲ್ಲಿ ರೈತರನ್ನು ಸಮಾಧಾನ ಮಾಡುತ್ತಿದ್ದ. ನಾಲ್ಕು ಜನರೆದುರು ಸೆರಗು ಸರಿಮಾಡಿಕೊಳ್ಳುವುದಕ್ಕೂ ನಾಚುವ ಹೆಂಗಸು ನಾನು. ಮೈಕು ಹಿಡಿದೆ, ಮೊದಲ ಸಲ ಬರೇ ಉಸಿರು ಹೋಯಿತು. ಎರಡನೆಯ ಸಲ ಹೇಳಿದೆ: “ಕೆಲಸಾ ಉಳಿಸಿಕೊಂಡ ಯಾದಿ ಮುಚ್ರಿ. ಬೇಕಾದಾಗ ಒಂದೊಂದ ತಗೀರಿ.” ಹೊರಗಿನಿಂದ “ಹೌದ್ರ್ಯವ್ವಾ!” ಎಂದು ಯಾರೋ ಕೂಗಿದರು. ಒಳಗಿನವರು ಯಾರೂ ಅಲುಗಲಿಲ್ಲ.

ರಬಕವಿಗೆ ಫೋನ್ ಮಾಡಿದರೆ “ನೋಡ್ತೇವ್ರಿ” ಎಂದಿಟ್ಟರು. ಕೊನೆಗೆ ಕೃಷಿ ವಿಭಾಗದ ಮುಖ್ಯಸ್ಥರ ಕೋಣೆಗೆ ನಾನೇ ಹೋದೆ.

“ನಾ ಮುಚ್ಚಿದ್ರ ರಬಕವಿಯವ್ರು ಆ ಜಾಗಾ ತಗೊಂಡ ಕುಂದರತಾರ. ನನಗೇನ ಹುಚ್ಚ ಹಿಡದೈತೇನ?”

“ಯಾರೂ ಮುಚ್ಚಲಿಲ್ಲಂದ್ರ ಯಾರದೂ ನಡಿಯೂದಿಲ್ರಿ.”

“ಆಮ್ಯಾಲ ನೋಡೂಣು, ಹೋಗ್ರಿ.”

ಹೊಸ್ತಿಲ ತನಕ ಬಂದೆ. ಹೊರಗೆ ಹಾರನ್ನುಗಳು ಒಂದೇ ಸಮನೆ ಬಡಿದುಕೊಳ್ಳುತ್ತಿದ್ದವು. ಹೊರಳಿ ನಿಂತು, “ನೀವು ಮುಚ್ಚೂತನಕಾ ನಾ ಇಲ್ಲೇ ನಿಂದರತೀನ್ರಿ” ಎಂದೆ. ಅವರು ನನ್ನನ್ನು ನೋಡಿದರು, ಕಿಟಕಿಯಾಚೆ ನಿಂತ ಗಾಡಿಗಳನ್ನು ನೋಡಿದರು, ಗೊಣಗುತ್ತ ಒಂದೊಂದೇ ಯಾದಿ ಮುಚ್ಚಿದರು. ತಾವು ಮುಚ್ಚಿದ ಮೇಲೆ ಉಳಿದವರನ್ನು ಬಿಡುವ ಜೀವವಲ್ಲ ಅದು. ತಾವೇ ಫೋನ್ ಎತ್ತಿದರು: “ಲೇ ರಬಕವಿ, ಎಲ್ಲಾ ಮುಚ್ರಲೇ! ನಾ ಮುಚ್ಚೀನಿ, ನಿಮಗೇನ ಧಾಡಿ?”

ನಾನು ಕೋಣೆಗೆ ಮರಳುವಷ್ಟರಲ್ಲಿ ಕಾಟಾದ ಚೀಟಿ ಹೊರಬಿತ್ತು. ಅದರ ಬೆನ್ನಿಗೆ ಇನ್ನೊಂದು. ಹೊತ್ತು ಇಳಿಯುವ ಹೊತ್ತಿಗೆ ಗಾಡಿಗಳ ಸಾಲು ಗೇಟಿನೊಳಗೆ ಬಂದಿತ್ತು.

ಮ್ಯಾನೇಜರು ಬಂದು ಎಂಜಿನಿಯರಿಗೆ ಹೊಸ ಯಂತ್ರದ ಬೆಲೆ ಕೇಳಿದರು. ನನ್ನ ಕಡೆ ನೋಡಲಿಲ್ಲ. ಹೊರಡುವಾಗ ಮಾತ್ರ, “ಬಾಯಾರ, ನಾಳಿಂದ ದಿನಾ ಮುಂಜಾನಿ ನೀವ ಮೈಕಿನಾಗ ಹೇಳ್ರಿ” ಎಂದರು. ನಾಳೆಯೂ ನಾನು ಬರಬೇಕು ಎಂದಾಯಿತು. ಮುಂದಿನ ಹಂಗಾಮಿಗೆ ಅರವತ್ತನಾಲ್ಕು ಬಿಟ್ಟಿನ ಯಂತ್ರವೂ ಅದರ ಡೇಟಾಬೇಸೂ ಬಂದವು. ನಾನು ಕಾಯಂ ಆದದ್ದು ಅದಕ್ಕಿಂತ ಬಹಳ ತಡವಾಗಿ.

ನಿಮ್ಮಪ್ಪನ ಓದು ಆ ಸಂಬಳದ ಮೇಲೆ ನಡೆಯಿತು. ಅದು ಉಳಿದದ್ದು ಹೇಗೆಂದು ಬಾಯಿಬಿಟ್ಟು ಹೇಳಲು ಇವತ್ತಿಗೂ ನನ್ನಿಂದ ಆಗದು. ಆದ್ದರಿಂದ ಈ ಹಾಳೆಗಳನ್ನು ಗೆದ್ದಲು ಮುಟ್ಟದ ಕಡೆ ಎತ್ತಿಡಿ. ಅವನು ಓದಬೇಕೆಂದರೆ ಓದಲಿ, ಆದರೆ ನಾನು ಎದುರಿಗೆ ಇರುವಾಗ ಬೇಡ.