ಪಡಸಾಲೆಯಲ್ಲಿ ನಡೆದ ಧರ್ಮಸಭೆ

ಇಲ್ಲಿ ಬರೆಯುವುದರಲ್ಲಿ ಕೆಲವು ಸಂಗತಿಗಳು ತಪ್ಪಿರಬಹುದು. ನನ್ನ ಎಂ.ಎ. ನೋಟುಬುಕ್ಕಿನ ಪುಟಗಳ ನಡುವೆ ಮೊನ್ನೆ ಮೊಳದುದ್ದದ ಒಂದು ಕೂದಲು ಸಿಕ್ಕಿತು. ಅದು ನನ್ನದಂತೂ ಅಲ್ಲ, ನನ್ನ ತಲೆಗೆ ಅಂಥ ವೈಭವ ಎಂದೂ ಇರಲಿಲ್ಲ. ಇಸವಿ ಎಪ್ಪತ್ತೇಳೋ ಎಪ್ಪತ್ತೆಂಟೋ ಇರಬೇಕು, ಪರೀಕ್ಷೆಗೆ ಓದಲು ಧಾರವಾಡದಿಂದ ಭಾಗ್ಯನಗರಕ್ಕೆ, ದೊಡ್ಡವ್ವನ ಮನೆಗೆ ಬಂದಿದ್ದೆ. ದಿನಚರಿ ಬರೆಯುತ್ತಿದ್ದೆ, ನಿಜ. ಆದರೆ ನಾನು ಹೇಳಹೊರಟ ದಿನದ ಪುಟದಲ್ಲಿ 'ರೋಮನ್ ಇತಿಹಾಸ, ಒಂಬತ್ತು ಪುಟ. ತಲೆನೋವು' ಎಂದಷ್ಟೇ ಇದೆ.

ದೊಡ್ಡವ್ವ ನನ್ನ ತಾಯಿಯ ಅಕ್ಕ. ಮಕ್ಕಳಿಲ್ಲದ ಆಕೆ ನನ್ನನ್ನು ಹೆತ್ತವರ ಊರು ತಾವರಗೇರಾದಿಂದ ತಂದು ಸಾಕಿದಳು. ನಲವತ್ತು ದಿನದ ಕೂಸಿದ್ದಾಗ ಎತ್ತಿಕೊಂಡು ಬಂದೆ ಎಂದು ಒಮ್ಮೆ, ನೀನೇ ಕೈಹಿಡಿದು ನಡೆದು ಬಂದೆ ಎಂದು ಇನ್ನೊಮ್ಮೆ ಹೇಳುತ್ತಿದ್ದಳು. ನೆನಪನ್ನು ನಂಬದ ನನ್ನ ಅಭ್ಯಾಸಕ್ಕೆ ಅಲ್ಲೇ ಅಡಿಪಾಯ ಬಿದ್ದಿರಬೇಕು. ಆ ವಾರ ತಾವರಗೇರಾದಿಂದ ಅಪ್ಪನ ಪತ್ರ ಬಂದಿತ್ತು: ಪರೀಕ್ಷೆ ಮುಗಿದ ಕೂಡಲೇ ಹುಡುಗಿಯನ್ನು ಕಳಿಸು, ನೋಡಲು ಗಂಡಿನವರು ಬರುತ್ತಾರೆ, ಹೆತ್ತವರ ಮನೆಯಿಂದಲೇ ಮದುವೆಯಾಗಬೇಕು. ಓದು ಬಾರದ ದೊಡ್ಡವ್ವನಿಗೆ ಅದನ್ನು ಓದಿ ಹೇಳಿದವಳು ನಾನೇ. ಆಕೆ 'ಹೂಂ' ಎಂದು ಕೆಲಸಕ್ಕೆ ಕೂತಳು.

ಕೆಲಸವೆಂದರೆ ಕೂದಲು ಬಿಡಿಸುವುದು. ಊರೂರಿನ ಹೆಂಗಸರು ಬಾಚಿ ಉದುರಿಸಿದ ಉಂಡೆಗೂದಲನ್ನು ದಬ್ಬಣದಿಂದ ಎಳೆಎಳೆಯಾಗಿ ಬಿಡಿಸಿ, ಉದ್ದ ನೋಡಿ, ಚೌರಿ ಮಾಡುವ ವ್ಯಾಪಾರಿಗಳಿಗೆಂದು ಕಟ್ಟು ಕಟ್ಟುವುದು. ಪಡಸಾಲೆಯಲ್ಲಿ ದೊಡ್ಡವ್ವ, ಪಕ್ಕದ ಮನೆಯ ಶಂಕ್ರವ್ವ. ಅವರ ಮುಂದೆ ಗಟ್ಟಿಯಾಗಿ ಓದುತ್ತ ಅಡ್ಡಾಡುವ ನಾನು.

"ಯವ್ವಾ, ಯಾರ ಜಗಳ ಓದಾಕತ್ತಿ?" ಎಂದಳು ಶಂಕ್ರವ್ವ.

ಹೇಳಿದೆ. ಸಾವಿರದಾರುನೂರು ವರ್ಷಗಳ ಹಿಂದೆ, ಯೇಸುಕ್ರಿಸ್ತ ದೇವರೇ ಹೌದೋ ಅಲ್ಲವೋ ಎಂದು ಕ್ರೈಸ್ತ ಗುರುಗಳಲ್ಲೇ ವಾದ ಹುಟ್ಟಿತ್ತು. ಅಲೆಕ್ಸಾಂಡ್ರಿಯದ ಒಬ್ಬ ಪಾದ್ರಿ, ತಂದೆಯಾದ ದೇವರು ಮೊದಲು, ಮಗನಾದ ಕ್ರಿಸ್ತ ಆಮೇಲೆ, ಅಂದಮೇಲೆ ಮಗನೇ ಇಲ್ಲದ ಸ್ಥಿತಿಯೊಂದು ಇತ್ತು, ಮಗ ತಂದೆಗೆ ಸಮನಲ್ಲ ಎಂದ. ಎದುರಿನವರು, ಸೂರ್ಯನಿಗೂ ಬೆಳಕಿಗೂ ಮೊದಲು ಆಮೇಲೆ ಎಂಬುದುಂಟೇ ಎಂದರು.

"ಅಪ್ಪ ಹೆಂಗ ಮೊದಲಬೇ?" ಶಂಕ್ರವ್ವ ದಬ್ಬಣ ಎತ್ತಿದಳು. "ಮಗ ಹುಟ್ಟೂತನಕ ಅವಗ ಅಪ್ಪ ಅನ್ನಾವ್ರು ಯಾರು? ನಮ್ಮ ಮನ್ಯಾಗಿನ ಗಂಡಸು ಮಗ ಹುಟ್ಟೂತನಕ ಬರೇ ಉಂಡಾಡಿ ಇದ್ದ. ಹುಡುಗ ಬಂದು ಅವನ್ನ ಅಪ್ಪ ಮಾಡ್ತು!"

ಕೊನೆಗೆ ಧರ್ಮಸಭೆಯಲ್ಲಿ ಗೆದ್ದ ಆ ಎದುರಿನವರ ವಾದವೂ ಹೆಚ್ಚುಕಡಿಮೆ ಅದೇ ಎಂದು ನನ್ನ ನೋಟುಬುಕ್ಕಿನ ಮುಂದಿನ ಪುಟದಲ್ಲಿತ್ತು. ಎರಡು ವರ್ಷ ಓದಿದ ನನಗೆ ನಾಚಿಕೆಯಾಯಿತು. ಉಮೇದಿನಲ್ಲಿ ಮೂರನೆಯ ಪಂಗಡದ ಮಾತನ್ನೂ ಹೇಳಿಬಿಟ್ಟೆ: ಅದಕ್ಕೂ ಹಿಂದೆ, ಕ್ರಿಸ್ತ ಹುಟ್ಟಿನಿಂದ ಮನುಷ್ಯನೇ, ನದಿಯಲ್ಲಿ ಮಿಂದಾಗ ದೇವರು ಅವನನ್ನು ಮಗನೆಂದು ಸ್ವೀಕರಿಸಿದ ಎನ್ನುವವರಿದ್ದರು.

"ದತ್ತಕ ತಗೊಂಡಂಗ," ಎಂದಳು ದೊಡ್ಡವ್ವ. ಅಲ್ಲಿಯವರೆಗೆ ಆಕೆ ತಲೆ ಎತ್ತಿರಲಿಲ್ಲ. "ಅವರ ಮಾತು ನಡೀತೇನು?"

"ಇಲ್ಲ ದೊಡ್ಡವ್ವಾ. ಆತ ತಂದಿಯಿಂದ ಹುಟ್ಟಿದ ಮಗನ, ಆಮ್ಯಾಲೆ ದತ್ತಕ ತಗೊಂಡ ಮಗ ಅಲ್ಲ ಅಂತ ತೀರ್ಪಾತು."

ದೊಡ್ಡವ್ವನ ಕೈ ನಿಂತಿತು. "ಹಂಗಾರ ತಾವರಗೇರಾದವರು ಬರದದ್ದು ಖರೇ ಐತಿ."

"ಅದು ದ್ಯಾವ್ರ ಮನಿ ಪಂಚಾಯ್ತಿ," ಶಂಕ್ರವ್ವ ಗದರಿದಳು. "ನಿನ್ನ ಮನೀದನ್ನ ಅದರಾಗ ಯಾಕ ತರ್ತಿ?"

ನಾನು ಏನೋ ಒಳ್ಳೆಯ ಮಾತು ಹೇಳಿದೆ ಎಂದು ಬರೆಯಲು ಆಸೆಯಿದೆ. ಆ ಸಂಜೆ ತಾವರಗೇರಾಕ್ಕೆ ಕಾರ್ಡು ಬರೆದದ್ದು ಮಾತ್ರ ಖಚಿತ, ಏಕೆಂದರೆ ಹೆತ್ತ ಅವ್ವ ಅದನ್ನು ಇನ್ನೂ ಇಟ್ಟುಕೊಂಡಿದ್ದಾಳೆ: ನನ್ನನ್ನು ನೋಡುವವರು ಭಾಗ್ಯನಗರಕ್ಕೆ ಬರಲಿ, ನನ್ನ ಮನೆ ಇದು. ಅಪ್ಪ ಸಿಟ್ಟಾದ. ಅವ್ವ ಬಸ್ಸು ಹಿಡಿದು ಬಂದು, ಅಕ್ಕನ ಪಕ್ಕದಲ್ಲಿ ಕೂತು ಮೂರು ದಿನ ಕೂದಲು ಬಿಡಿಸಿ ಹೋದಳು. ಅವರಿಬ್ಬರೂ ಏನು ಮಾತಾಡಿಕೊಂಡರೋ ತಿಳಿಯದು. ಮದುವೆಯಂತೂ ಭಾಗ್ಯನಗರದಲ್ಲೇ ಆಯಿತು. ಪರೀಕ್ಷೆಯಲ್ಲಿ ತಂದೆ-ಮಗನ ಆ ಪ್ರಶ್ನೆಯೇ ಬಂತು. ಶಂಕ್ರವ್ವನ ವಾದವನ್ನೇ ಗ್ರಾಂಥಿಕ ಭಾಷೆಗೆ ತಿರುಗಿಸಿ ಬರೆದು ಪಾಸಾದೆ. ಇಬ್ಬರು ತಾಯಂದಿರಲ್ಲಿ ಯಾರು ಹೆಚ್ಚು ಎಂದು ತೀರ್ಪು ಕೊಡುವ ಸಂಕಟವನ್ನು ನನಗೆ ತಂದಿಡದ ಆ ಅಕ್ಕತಂಗಿಯರಿಗೆ ನಾನು ಋಣಿ.

ಈಗ ನಾನು ಗಂಗಾವತಿಯಲ್ಲಿ ಪಾಠ ಹೇಳುತ್ತೇನೆ, ದೊಡ್ಡವ್ವ ನನ್ನೊಂದಿಗಿದ್ದಾಳೆ. ಮಗನೇ ಇಲ್ಲದ ಸ್ಥಿತಿಯೊಂದು ಇತ್ತು ಎಂಬ ಅಲೆಕ್ಸಾಂಡ್ರಿಯದ ಪಾದ್ರಿಯ ತಕರಾರು ನನ್ನನ್ನು ಬಿಟ್ಟಿಲ್ಲ. ಕಳೆದ ಯುಗಾದಿಯ ದಿನ ಆಕೆಯ ತಲೆಗೆ ಎಣ್ಣೆ ಹಚ್ಚುತ್ತ, ಅದನ್ನು ನನ್ನದಾಗಿ ಮಾಡಿಕೊಂಡು ಕೇಳಿದೆ. ಆಕೆ ನಕ್ಕಳೋ, ಕಣ್ಣಿಗೆ ಎಣ್ಣೆ ಇಳಿಯಿತೋ, ಮುಖ ಆಚೆ ತಿರುಗಿಸಿದಳು. ಕೇಳಿದ್ದು ಇಷ್ಟೇ:

"ದೊಡ್ಡವ್ವಾ, ನಾ ನಿನ್ನ ಮಗಳಲ್ಲದ ದಿವಸ ಒಂದಾದ್ರೂ ಇತ್ತೇನು?"