ಮೂರು ಸಲ ಬಿದ್ದ ಸಿಮೆಂಟು

ಮಗಳ ಹುಳುಕು ಹಲ್ಲಿಗೆ ತುಂಬಿಸಿದ್ದ ಬಿಳಿ ಸಿಮೆಂಟು ಮೂರನೆಯ ಸಲ ಕಿತ್ತು ಬಂದಾಗ ನಾನು ಮೊದಲು ಬೈದದ್ದು ಉಂಡಿಯನ್ನು, ಆಮೇಲೆ ಉಂಡಿ ಕಟ್ಟಿದ ನಮ್ಮವ್ವನನ್ನು. ನಾಗರ ಪಂಚಮಿಗೆಂದು ಮಗಳನ್ನು ಕರೆದುಕೊಂಡು ತಾವರಗೇರಾದ ತವರಿಗೆ ಹೋಗಿದ್ದೆ. ನಮ್ಮ ಕಡೆ ಪಂಚಮಿ ಅಂದರೆ ಉಂಡಿಯ ಹಬ್ಬ. ಶೇಂಗಾ ಉಂಡಿ, ಎಳ್ಳುಂಡಿ, ಹುರಿಗಡಲೆಯ ಪುಟಾಣಿ ಉಂಡಿ ಡಬ್ಬಿಗಟ್ಟಲೆ ಕಟ್ಟಿಟ್ಟು ಬಂದವರಿಗೆಲ್ಲ ಕೊಡುತ್ತಾರೆ. ಅವ್ವನ ಬೆಲ್ಲದ ಪಾಕ ಯಾವಾಗಲೂ ಸ್ವಲ್ಪ ಹೆಚ್ಚೇ ಗಟ್ಟಿ. ಮೊಮ್ಮಗಳು ಕಚ್ಚಿದಳು, ಮುಖ ಕಿವುಚಿ ಅಂಗೈಗೆ ಉಗುಳಿದಳು. ಬೆಲ್ಲಕ್ಕೆ ಅಂಟಿಕೊಂಡು ಅರ್ಧ ಜೋಳದ ಕಾಳಿನಷ್ಟು ಬಿಳಿ ಚೂರು ಕೂತಿತ್ತು.

“ಹಾಲಹಲ್ಲು ಐತಿ. ಹೆಂಗೂ ಬೀಳೋದಕ್ಕ ಯಾಕಿಷ್ಟು ಬಡದಾಡ್ತಿ?” ಅಂದಳು ಅವ್ವ.

ಈ ಮಾತು ಕೇಳಿ ಕೇಳಿ ನನಗೆ ರೋಸಿಹೋಗಿದೆ. ಕುಕನೂರಿನ ನಮ್ಮ ಓಣಿಯಲ್ಲೂ ಎಲ್ಲರದ್ದೂ ಇದೇ ರಾಗ. ಬೀಳುತ್ತದೆ, ಯಾರು ಇಲ್ಲ ಅಂದರು? ಆದರೆ ಮಗಳಿಗೆ ಈಗ ಆರು ವರ್ಷ, ಆ ಹಿಂದಿನ ಹಲ್ಲು ಬೀಳುವುದು ಹತ್ತು ದಾಟಿದ ಮೇಲೆ. ಅಲ್ಲಿಯವರೆಗೆ ಒಂದೇ ಕಡೆ ರೊಟ್ಟಿ ಅಗಿಯಬೇಕೇ? ನೋವೆದ್ದ ದಿನ ಊಟ ಬಿಟ್ಟು ಕೆನ್ನೆ ಹಿಡಿದುಕೊಂಡು ಕೂರುವವಳು ಅವಳು, ಓಣಿಯವರಲ್ಲ.

ಸಿಮೆಂಟಿನ ಮೇಲೂ ನನಗೆ ಸಿಟ್ಟೇ. ಪ್ರತಿ ಸಲ ಯಲಬುರ್ಗಾದ ಕಚೇರಿಗೆ ರಜೆ ಹಾಕಿ, ಮಗಳ ಸಾಲಿ ತಪ್ಪಿಸಿ, ಬಸ್ಸು ಹಿಡಿದು ಕೊಪ್ಪಳಕ್ಕೆ ಹೋಗಬೇಕು. ಮೊದಲನೆಯದು ನಾಲ್ಕು ತಿಂಗಳು ಇತ್ತು. ಎರಡನೆಯದು ಚುರಮುರಿಯ ಜೊತೆ ಹೊಟ್ಟೆಗೆ ಹೋಯಿತೋ ಏನೋ, ಬಿದ್ದದ್ದೇ ಗೊತ್ತಾಗಲಿಲ್ಲ.

ಆದರೆ ನಿಜ ಹೇಳಿಬಿಡಬೇಕು. ಮೊದಲ ದಿನವೇ ಹಲ್ಲಿನ ಡಾಕ್ಟರಮ್ಮ ಹೇಳಿದ್ದರು, “ಹುಳುಕು ಎರಡು ಹಲ್ಲಿನ ಸಂದ್ಯಾಗ ಐತ್ರಿ. ಸಿಮೆಂಟು ಇಲ್ಲಿ ಭಾಳ ದಿನ ನಿಲ್ಲಂಗಿಲ್ಲ. ಸ್ಟೀಲಿನ ಟೋಪಿ ಹಾಕಿದ್ರ ಹಲ್ಲು ತಾನಾಗೇ ಬೀಳೋತನಕ ಇರತೈತಿ.” ಬೆರಳ ತುದಿಯ ಮೇಲೆ ಅದನ್ನಿಟ್ಟು ತೋರಿಸಿದರು. ಫಳಫಳ ಹೊಳೆಯುತ್ತಿತ್ತು.

“ಬ್ಯಾಡ್ರಿ ಮೇಡಂ. ಹೆಣ್ಣಹುಡುಗಿ, ನಕ್ಕರ ಕಾಣ್ತೈತಿ. ಬಿಳೇದ ಹಾಕ್ರಿ,” ಅಂದವಳು ನಾನೇ. ಮಗಳು ಅಲ್ಲೇ ಕುರ್ಚಿಯಲ್ಲಿ ಬಾಯಿ ತೆರೆದು ಮಲಗಿದ್ದಳು. ಈ ಸಂಗತಿಯನ್ನು ನಾನು ಅವ್ವನಿಗೂ ಹೇಳಿರಲಿಲ್ಲ, ಗಂಡನಿಗೂ ಹೇಳಿರಲಿಲ್ಲ.

ಪಂಚಮಿ ಮುಗಿಸಿ ಊರಿಗೆ ಬರುವಷ್ಟರಲ್ಲಿ ಮಗಳ ಕೆನ್ನೆ ಊದಿತ್ತು. ಬೇರಿಗೆ ಕೀವು ಇಳಿದಿದೆ, ಇನ್ನು ತುಂಬಿಸಿ ಉಪಯೋಗವಿಲ್ಲ, ಕೀಳಬೇಕು ಎಂದರು ಡಾಕ್ಟರಮ್ಮ. ಅವತ್ತೇ ಹೇಳಿದ್ದೆನಲ್ಲ ಎಂದು ಅವರು ಒಂದು ಮಾತು ಆಡಿದ್ದರೆ ನಾನೂ ಎರಡು ಆಡಿ ಹಗುರಾಗುತ್ತಿದ್ದೆ. ಅವರು ಹಲ್ಲು ಕಿತ್ತು, ಅರಳೆ ಕಚ್ಚಿಸಿ ಕಳಿಸಿದರು.

ವಾರ ಬಿಟ್ಟು ತೋರಿಸಲು ಹೋದಾಗ ಇನ್ನೊಂದು ಬದಿಯ ಹಲ್ಲಿಗೂ ಕನ್ನಡಿ ಹಿಡಿದು ನೋಡಿದರು. “ಇಲ್ಲೂ ಸುರು ಆಗೈತ್ರಿ. ಏನ್ ಹಾಕಲಿ?” ಎಂದು ನನ್ನನ್ನು ಕೇಳಿದರು.

ನಾನು ಉತ್ತರಿಸುವ ಮೊದಲೇ ಮಗಳು ಕುರ್ಚಿಯಿಂದ ಹೇಳಿದಳು, “ಸ್ಟೀಲಿಂದ ಹಾಕ್ರಿ ಮೇಡಂ. ನಾ ನಗಂಗಿಲ್ಲ.”