ತೆಂಗಿನ ಕಾಲಂ, ಹೊಗೆಸೊಪ್ಪಿನ ಕಾಲಂ

ಎರಡು ಸಾವಿರದ ಇಸವಿ ಕಳೆದು ಕೆಲವು ವರ್ಷಗಳಾಗಿದ್ದವು. ಹಾಸನದ ಕಾಲೇಜೊಂದರಲ್ಲಿ ಬೆಳೆ ಸಮೀಕ್ಷೆಯ ಅಂಕಿಅಂಶ ನೋಡಿಕೊಳ್ಳಲು ನಾವಿಬ್ಬರು ಹುಡುಗಿಯರಿದ್ದೆವು. ನಾನು ಅರಕಲಗೂಡು ಕಡೆಯ ಮಲ್ಲಿಪಟ್ಟಣದವಳು, ಹಳಬಳು. ಅವಳು ಚನ್ನರಾಯಪಟ್ಟಣ ಕಡೆಯ ದಂಡಿಗನಹಳ್ಳಿಯವಳು, ಆಗಷ್ಟೇ ಸೇರಿದವಳು. ನನ್ನನ್ನು ಬಾಯಿ ತುಂಬ ಅಕ್ಕ ಎನ್ನುತ್ತಿದ್ದಳು. ಅದೂ ನನಗೆ ಆಗುತ್ತಿರಲಿಲ್ಲ.

ಮೂರು ತಾಲ್ಲೂಕಿನ ಕೋಷ್ಟಕಗಳನ್ನು ಒಂದರ ಕೆಳಗೊಂದು ಜೋಡಿಸಿ, ಇಬ್ಬರೂ ಬೇರೆ ಬೇರೆಯಾಗಿ ಒಂದು ಮಾಡಬೇಕಿತ್ತು. ಯಾರದ್ದು ಚೆನ್ನಾಗಿರುತ್ತದೋ ಅವರೇ ಮೈಸೂರಿನ ವಿಚಾರ ಸಂಕಿರಣದಲ್ಲಿ ಮಾತಾಡುವುದು ಎಂದು ಮೇಷ್ಟ್ರು ಹೇಳಿದ್ದರು. ನಾನು ಆಗಲೇ ಸೀರೆ ಆರಿಸಿಟ್ಟಿದ್ದೆ.

ತೊಂದರೆ ಏನೆಂದರೆ, ಆಯಾ ತಾಲ್ಲೂಕಿಗೆ ಹೋದವರು ಅಲ್ಲಿ ಬೆಳೆಯುವುದನ್ನಷ್ಟೇ ಕೇಳಿ ಬರೆದುಕೊಂಡು ಬಂದಿದ್ದರು. ಹೊಳೆನರಸೀಪುರದ್ದರಲ್ಲಿ ರಾಗಿ, ಭತ್ತ. ಚನ್ನರಾಯಪಟ್ಟಣದ್ದರಲ್ಲಿ ರಾಗಿ, ತೆಂಗು. ನಮ್ಮ ಅರಕಲಗೂಡಿನದರಲ್ಲಿ ರಾಗಿ, ಹೊಗೆಸೊಪ್ಪು. ಕಾಲಂ ಹೊಂದದಿದ್ದರೆ ಕಂಪ್ಯೂಟರ್ ಸೇರಿಸಲು ಒಪ್ಪುತ್ತಿರಲಿಲ್ಲ. ನಾನು ಮೂರರಲ್ಲೂ ಇದ್ದದ್ದನ್ನು ಉಳಿಸಿಕೊಂಡು ಮಿಕ್ಕಿದ್ದನ್ನು ಕಿತ್ತುಹಾಕಿದೆ. ನೀಟಾಗಿ ಕೂತಿತು.

ಮೇಷ್ಟ್ರು ನೋಡಿದವರೇ, "ತೆಂಗಿಲ್ದಿರೋ ಚನ್ನರಾಯಪಟ್ಟಣ ಎಲ್ಲಮ್ಮ ಐತೆ? ನಾನೂ ಒಂದ್ಸಲ ಹೋಗಿ ನೋಡ್ಕಂಡ್ ಬತ್ತೀನಿ" ಎಂದರು.

ಅವಳದ್ದರಲ್ಲಿ ಎಲ್ಲವೂ ಇತ್ತು. ನಾಲ್ಕೈದು ಸಾಲಿನ ಪ್ರೋಗ್ರಾಂ ಬರೆದಿದ್ದಳು. "ಕಾಲಂ ಹೆಸ್ರು ನೋಡ್ಕಂಡು ಜೋಡಿಸ್ತದೆ ಅಕ್ಕ. ಕೇಳ್ದೇ ಇರೋ ಬೆಳೆ ಜಾಗ ಖಾಲಿ ಬುಡ್ತದೆ. ಸೊನ್ನೆ ಹಾಕಿದ್ರೆ ಬೆಳ್ದೇ ಇಲ್ಲ ಅಂದಂಗಾಯ್ತದೆ ಕಣಕ್ಕ" ಎಂದಳು. ಅವಳು ಊಟಕ್ಕೆ ಹೋದಾಗ ಹೊಳೆನರಸೀಪುರದ ಕೋಷ್ಟಕದ ಕಾಲಂಗಳನ್ನು ಅದಲುಬದಲು ಮಾಡಿದ ನಕಲೊಂದನ್ನು ಅದೇ ಪ್ರೋಗ್ರಾಮಿಗೆ ಕೊಟ್ಟು ನೋಡಿದೆ. ಭತ್ತ ಹೋಗಿ ರಾಗಿಯ ಕೆಳಗೆ ಕೂರಲಪ್ಪಾ ಎಂದು ದೇವರಿಗೆ ಕೈಮುಗಿದೆ. ಹಾಳಾದ್ದು, ಒಂದೂ ತಪ್ಪಲಿಲ್ಲ.

ಮೈಸೂರು ಅವಳ ಪಾಲಾಯಿತು. ಹೊರಡುವ ಹಿಂದಿನ ದಿನ ಬಂದು ನನ್ನ ಪಕ್ಕದಲ್ಲಿ ಕೂತಳು.

"ಅಕ್ಕ, ತೆಂಗಾದ್ರೆ ನಂಗೊತ್ತು. ಹೊಗೆಸೊಪ್ಪಿನ ಗಿಡಾನೇ ನಾನ್ ಕಂಡಿಲ್ಲ. ಅಲ್ಲಿ ಯಾರಾನ ಕೇಳಿದ್ರೆ ಏನಂತ ಹೇಳ್ಲಿ?"

ಹೇಳಬಾರದು ಅಂತಲೇ ಇದ್ದೆ. ಆದರೆ ನಮ್ಮ ಬೆಳೆಯ ಬಗ್ಗೆ ಅವಳು ಅಲ್ಲಿ ಏನೇನೋ ಒದರುವುದನ್ನು ನೆನೆಸಿಕೊಂಡು ತಡೆಯಲಾಗಲಿಲ್ಲ. ಸೊಪ್ಪು ಮುರಿಯುವುದು, ಕಡ್ಡಿಗೆ ಕಟ್ಟುವುದು, ಬ್ಯಾರನ್ ಎನ್ನುವ ಸೊಪ್ಪು ಒಣಗಿಸುವ ಮನೆಯೊಳಗೆ ನೇತುಹಾಕಿ ಬೆಂಕಿಯ ಶಾಖದಲ್ಲಿ ಹದ ಮಾಡುವುದು, ಅಪ್ಪ ಬಣ್ಣ ನೋಡಿ ಬೇರೆ ಬೇರೆ ಮಾಡುತ್ತಿದ್ದದ್ದು, ಎಲ್ಲ ಹೇಳಿದೆ. ಅವಳು ತಲೆಯಾಡಿಸುತ್ತ ಕೇಳಿಸಿಕೊಂಡಳು.

ಮರುದಿನ ಬೆಳಿಗ್ಗೆ ಬಸ್ ಹತ್ತಿದಳು. ನಾನು ಕಿತ್ತುಹಾಕಿದ್ದ ನಮ್ಮೂರ ಹೊಗೆಸೊಪ್ಪು ಅವಳ ಜೊತೆ ಮೈಸೂರಿಗೆ ಹೋಯಿತು. ನಾನು ಹಾಸನದಲ್ಲೇ ಉಳಿದೆ.